ನಗು ಎಣಿಸೋಕೆ ಹೊರಟ ಮೇಲೆ

2025ರ ಮಾರ್ಚ್ 31ಕ್ಕೆ ಯೂಟ್ಯೂಬ್ ತನ್ನ ಶಾರ್ಟ್ಸ್ ವಿಡಿಯೊಗಳ ವ್ಯೂಸ್ ಎಣಿಸುವ ಕ್ರಮ ಬದಲಾಯಿಸಿತು. ಅಲ್ಲಿಯವರೆಗೆ ಒಂದು ವ್ಯೂ ಲೆಕ್ಕಕ್ಕೆ ಬರಬೇಕೆಂದರೆ ನೋಡುವವರು ವಿಡಿಯೊ ಮೇಲೆ ಒಂದಷ್ಟು ಹೊತ್ತಾದರೂ ನಿಲ್ಲಬೇಕಿತ್ತು. ಈಗ ವಿಡಿಯೊ ಶುರುವಾದರೆ ಸಾಕು, ಒಂದು. ಮುಗಿದು ತಾನಾಗಿಯೇ ಮತ್ತೆ ಓಡಿದರೆ ಇನ್ನೊಂದು. ಮೊಬೈಲ್ ಹಿಡಿದುಕೊಂಡೇ ತೂಕಡಿಸಿದವರೂ ಲೆಕ್ಕದಲ್ಲಿ ಅಭಿಮಾನಿಗಳೇ. ತಮಾಷೆ ಏನೆಂದರೆ, ವಿಡಿಯೊ ಮಾಡಿದವರಿಗೆ ದುಡ್ಡು ಕೊಡುವಾಗ ಮಾತ್ರ ಯೂಟ್ಯೂಬ್ ಹಳೆಯ ಲೆಕ್ಕವನ್ನೇ ಇಟ್ಟುಕೊಂಡಿದೆ. ತೋರಿಸೋಕೆ ಒಂದು ಸಂಖ್ಯೆ, ಕೊಡೋಕೆ ಇನ್ನೊಂದು.

ಒಬ್ಬ ಹಾಸ್ಯಗಾರ ಜನಪ್ರಿಯನೋ ಅಲ್ಲವೋ ಅನ್ನುವುದನ್ನು ಈಗ ನಾವು ತೀರ್ಮಾನ ಮಾಡುವುದು ಈ ತೋರಿಸುವ ಸಂಖ್ಯೆ ನೋಡಿಯೇ. ರಾಜ್ಯೋತ್ಸವ ಸಮಿತಿಯವರು ಕಲಾವಿದರನ್ನು ಕರೆಸುವ ಮುಂಚೆ ಮೊದಲು ಕೇಳುವುದೇ 'ಫಾಲೋವರ್ಸ್ ಎಷ್ಟಿದ್ದಾರೆ' ಅಂತ. ಆ ಸಂಖ್ಯೆಯಲ್ಲಿ ನಕ್ಕವರೆಷ್ಟು ಜನ ಅನ್ನೋದು ಯಾರಿಗೂ ಬೇಕಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ. ನಗುವನ್ನು ಯಾವ ಮೀಟರಿನಲ್ಲಿ ಅಳೆಯುತ್ತೇವೋ, ಹಾಸ್ಯ ಆ ಮೀಟರಿಗೆ ತಕ್ಕ ಹಾಗೆ ಬೆಳೆಯುತ್ತದೆ. ಹಿಂದಿನದೆಲ್ಲ ಚಿನ್ನ, ಈಗಿನದೆಲ್ಲ ತಗಡು ಅಂತ ಹಳಬರ ರಾಗ ಹಾಡೋಕೆ ಹೊರಟಿಲ್ಲ. ಹಿಂದೆಯೂ ಮೀಟರ್ ಇತ್ತು. ಬೇರೆ ಥರದ್ದು ಇತ್ತು.

'ಕೊರವಂಜಿ'ಯನ್ನೇ ತಗೊಳ್ಳಿ. ಬೆಂಗಳೂರಿನಲ್ಲಿ ವೈದ್ಯರಾಗಿದ್ದ ಡಾ. ಎಂ. ಶಿವರಾಂ, ಓದುಗರ ಪಾಲಿಗೆ ರಾಶಿ, 1942ರಲ್ಲಿ ಶುರು ಮಾಡಿದ ಹಾಸ್ಯ ಮಾಸಪತ್ರಿಕೆ. 1967ರವರೆಗೆ ನಡೆಯಿತು. ನಾ. ಕಸ್ತೂರಿ ಬರೆದರು, ಟಿ. ಸುನಂದಮ್ಮ ಬರೆದರು. ಆರ್.ಕೆ. ಲಕ್ಷ್ಮಣ್ ಇನ್ನೂ ಹೆಸರು ಮಾಡದ ಕಾಲದಲ್ಲಿ ಇದಕ್ಕೆ ಚಿತ್ರ ಬರೆದರು. ಅಂಥ ಪತ್ರಿಕೆಗೆ ಇದ್ದ ಮೀಟರ್ ಚಂದಾ ಒಂದೇ. ವರ್ಷಕ್ಕೊಮ್ಮೆ ಚಂದಾ ಕಟ್ಟಿದವನು ವರ್ಷಪೂರ್ತಿ ಕಾಯುತ್ತಾನೆ. ಒಂದು ತಿಂಗಳು ಸಪ್ಪೆಯಾದರೂ ಓಡಿಹೋಗುವುದಿಲ್ಲ. ಹಾಗಾಗಿ ಬರೆಯುವವರಿಗೆ ಅವಸರವಿರಲಿಲ್ಲ. ಎರಡು ಪುಟ ಸುತ್ತಾಡಿಸಿ, ಮೂರನೆಯ ಪುಟದಲ್ಲಿ ಮೆಲ್ಲಗೆ ಚಿವುಟಬಹುದಿತ್ತು. ಮೊದಲ ಸಾಲಲ್ಲೇ ನಗಿಸಲೇಬೇಕು ಅನ್ನುವ ಭಯ ಇರಲಿಲ್ಲ.

ಸುನಂದಮ್ಮನವರ ವಿಷಯಕ್ಕೆ ಒಂದು ಮಾತು ಸೇರಿಸಲೇಬೇಕು. ಗಂಡ, ಹೆಂಡತಿ, ಅಡುಗೆಮನೆ, ನೆಂಟರು ಅವರ ಹಾಸ್ಯದ ಸರಕು. ಇವತ್ತಿನ ವಾಟ್ಸಾಪ್ ಜೋಕುಗಳ ಸರಕೂ ಅದೇ. ಆದರೆ ಅಲ್ಲಿ ಮಾತಾಡುತ್ತಿದ್ದದ್ದು ಹೆಂಡತಿ. ಮನೆಯ ಗಡಿಬಿಡಿಯನ್ನು ಒಳಗಿನಿಂದ ನೋಡಿ ನಗುತ್ತಿದ್ದರು, ತಮ್ಮನ್ನೂ ಸೇರಿಸಿಕೊಂಡು. ಈಗ ಗುಂಪಿನಿಂದ ಗುಂಪಿಗೆ ಓಡುವ ನೂರು ಹೆಂಡತಿ ಜೋಕುಗಳಲ್ಲಿ ಹೆಂಡತಿ ಬರೆದದ್ದು ಒಂದಾದರೂ ಇದೆಯಾ ಅಂತ ಹುಡುಕಿ ನೋಡಿ.

ಎರಡನೆಯ ಮೀಟರ್ ವೇದಿಕೆ. ಹಾಸ್ಯ ಸಂಜೆ, ನಗೆಹಬ್ಬ ಅಂತ ಕರ್ನಾಟಕದ ತುಂಬ ಹಬ್ಬಿದ ಕಾರ್ಯಕ್ರಮಗಳನ್ನು ನೋಡಿದವರಿಗೆ ಇದು ಗೊತ್ತು. ಗಂಗಾವತಿ ಪ್ರಾಣೇಶ್, ಪ್ರೊ. ಕೃಷ್ಣೇಗೌಡ, ರಿಚರ್ಡ್ ಲೂಯಿಸ್ ಇವರೆಲ್ಲ ಜನರಿಗೆ ಹತ್ತಿರವಾದದ್ದು ಈ ವೇದಿಕೆಯಿಂದಲೇ. ಅಮೆರಿಕದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ, ಅಲ್ಲಿನ ಕನ್ನಡ ಕೂಟಗಳ 'ಅಕ್ಕ' ಸಮ್ಮೇಳನದಂಥ ಕಡೆಗೂ ಊರಿನಿಂದ ಹಾಸ್ಯಗಾರರನ್ನು ಕರೆಸಿಕೊಳ್ಳುತ್ತಾರೆ.

ತಾಲ್ಲೂಕು ಊರಿನಲ್ಲಿ ಇಂಥ ಕಾರ್ಯಕ್ರಮ ಹೇಗೆ ನಡೆಯುತ್ತೆ ಅಂತ ಸ್ವಲ್ಪ ಹತ್ತಿರದಿಂದ ನೋಡಿ. ಕಾರ್ಡಿನಲ್ಲಿ ಸಂಜೆ ಆರು ಅಂತ ಇರುತ್ತೆ. ಏಳೂವರೆಯವರೆಗೆ ಶಾಲು, ಹಾರ, ಫಲಪುಷ್ಪ. ಎಂಎಲ್‌ಎ ಬಂದು, ಮಾತಾಡಿ, 'ಇನ್ನೊಂದು ಕಾರ್ಯಕ್ರಮ ಇದೆ' ಅಂತ ಹೊರಡುತ್ತಾರೆ. ಅವರ ಹಿಂದೆ ಎರಡು ಸಾಲು ಕುರ್ಚಿ ಖಾಲಿ. ಇಷ್ಟೂ ಹೊತ್ತು ಹಾಸ್ಯಗಾರ ವೇದಿಕೆಯ ಮೂಲೆಯಲ್ಲಿ ಕೂತು ಪಕ್ಕದ ಸಂಘಟಕರನ್ನು ಮೆಲ್ಲಗೆ ಕೇಳುತ್ತಿರುತ್ತಾನೆ. ಇಲ್ಲಿ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲ್ ಯಾವುದು? ನೀರು ಎಷ್ಟು ದಿನಕ್ಕೊಂದು ಸಲ ಬಿಡ್ತಾರೆ? ರಸ್ತೆ ಅಗೆದು ಎಷ್ಟು ತಿಂಗಳಾಯ್ತು? ಮೈಕ್ ಕೈಗೆ ಬಂದ ಎರಡನೆಯ ನಿಮಿಷಕ್ಕೆ ಆ ಅಗೆದ ರಸ್ತೆ ಮಾತಿಗೆ ಬರುತ್ತದೆ. ಇಡೀ ಊರು ಬಿದ್ದು ಬಿದ್ದು ನಗುತ್ತದೆ. ಜೋಕು ಹಳೆಯದೇ ಇರಬಹುದು, ನಿನ್ನೆ ಬೇರೆ ಊರಲ್ಲಿ ಹೇಳಿದ್ದೇ ಇರಬಹುದು. ಆದರೆ ಆ ರಸ್ತೆ ಇವರದು. ಸಾವಿರ ಜನ ಒಟ್ಟಿಗೆ ಕೂತು, ಅದೇ ಧೂಳು ಕುಡಿದವರು, ಒಟ್ಟಿಗೆ ನಗುತ್ತಾರೆ.

ಈ 'ಒಟ್ಟಿಗೆ' ಅನ್ನುವುದು ಸಣ್ಣ ವಿಷಯವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ರೊವೈನ್ ನಗುವಿನ ಮೇಲೆ ಬಹಳ ಕೆಲಸ ಮಾಡಿದವರು. ಜನ ಒಬ್ಬರೇ ಇರುವಾಗ ನಗುವುದಕ್ಕಿಂತ ಇನ್ನೊಬ್ಬರ ಜೊತೆ ಇರುವಾಗ ಸುಮಾರು 30 ಪಟ್ಟು ಜಾಸ್ತಿ ನಗುತ್ತಾರೆ ಅಂತ ಅವರು ಕಂಡುಕೊಂಡರು. ರಸ್ತೆ, ಅಂಗಡಿ, ಕಾಲೇಜು ಅಂತ ಓಡಾಡಿ 1200 ನಗುಗಳನ್ನು ಬರೆದಿಟ್ಟುಕೊಂಡರು. ಅದರಲ್ಲಿ ಜೋಕು ಅನ್ನಬಹುದಾದ ಮಾತಿಗೆ ಬಂದ ನಗು ನೂರಕ್ಕೆ ಹತ್ತೋ ಇಪ್ಪತ್ತೋ ಅಷ್ಟೆ. ಉಳಿದದ್ದೆಲ್ಲ 'ಸರಿ, ಬರ್ತೀನಿ' ಅನ್ನುವಂಥ ಮಾಮೂಲಿ ಮಾತಿಗೆ. ಇನ್ನೂ ಮಜಾ ಅಂದರೆ ಕೇಳುವವರಿಗಿಂತ ಹೇಳುವವರೇ ಜಾಸ್ತಿ ನಗುತ್ತಾರಂತೆ. ನಮ್ಮ ಮದುವೆ ಮನೆಗಳಲ್ಲಿ ಇದನ್ನು ನೋಡೋಕೆ ಮನಶ್ಶಾಸ್ತ್ರ ಓದಬೇಕಿಲ್ಲ.

ಹಾಗಾದರೆ ರಾತ್ರಿ ಹನ್ನೊಂದಕ್ಕೆ ಹೊದಿಕೆಯೊಳಗೆ ಒಬ್ಬರೇ ಮೊಬೈಲ್ ನೋಡುವಾಗ ಏನಾಗುತ್ತೆ? ನಗು ಬರುವುದಿಲ್ಲ. ಮೂಗಿನಿಂದ ಸಣ್ಣಗೆ ಗಾಳಿ ಹೋಗುತ್ತೆ. ಮುಂದಿನ ವಿಡಿಯೊ. ಹೀಗಾಗಿ ಫೋನು ನಮ್ಮ ನಗುವನ್ನು ಅಳೆಯೋಕೆ ಸಾಧ್ಯವೇ ಇಲ್ಲ. ಅಳೆಯಬಲ್ಲದ್ದು ಹೆಬ್ಬೆರಳನ್ನು. ಬೆರಳು ಎಲ್ಲಿ ನಿಂತಿತು, ಎಲ್ಲಿ ಜಾರಿತು, ಯಾವುದನ್ನು ಬೇರೆಯವರಿಗೆ ದಾಟಿಸಿತು.

ಟಿವಿಯವರಿಗೂ ಈ ಕಷ್ಟ ಇತ್ತು. ಅಮೆರಿಕದಲ್ಲಿ 1950ರ ದಶಕದಲ್ಲೇ ಚಾರ್ಲಿ ಡಗ್ಲಸ್ ಎಂಬ ಸೌಂಡ್ ಎಂಜಿನಿಯರ್ ಗುಂಡಿ ಒತ್ತಿದರೆ ನಗುವ ಯಂತ್ರ ಮಾಡಿಟ್ಟಿದ್ದರು. ನಮ್ಮ ಹಾಸ್ಯ ಶೋಗಳಲ್ಲಿ ಆ ಕೆಲಸವನ್ನು ಜಡ್ಜುಗಳು ಮಾಡುತ್ತಾರೆ. ಪಂಚ್ ಬಿದ್ದ ಕೂಡಲೇ ಕ್ಯಾಮೆರಾ ಅವರ ಮೇಲೆ. ಅವರು ಮೇಜು ಗುದ್ದುತ್ತಾರೆ, ಕುರ್ಚಿಯಿಂದ ಜಾರುತ್ತಾರೆ, ನಮಗೂ ನಗಬೇಕು ಅನ್ನಿಸುತ್ತೆ. ಅಲ್ಲಿನ ಮೀಟರ್ ಟಿಆರ್‌ಪಿ. ಬಾರ್ಕ್ ಸಂಸ್ಥೆ ದೇಶದ 50 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಪೆಟ್ಟಿಗೆ ಇಟ್ಟು ವಾರ ವಾರ ಕೊಡುವ ಲೆಕ್ಕ. ಅಜ್ಜಿಯಿಂದ ಮೊಮ್ಮಗುವರೆಗೆ ಯಾರೂ ಎದ್ದು ಹೋಗದಂಥ ಹಾಸ್ಯ ಬೇಕು ಅದಕ್ಕೆ. ಹಾಗಾಗಿ ರಾಜಕೀಯ ಕಮ್ಮಿ. ಗಂಡಸಿಗೆ ಸೀರೆ ಉಡಿಸುವುದು ಜಾಸ್ತಿ, ದಪ್ಪಗಿರುವವರು, ಕುಳ್ಳಗಿರುವವರು ಜಾಸ್ತಿ. ಒಂದು ಒಳ್ಳೆಯದೂ ಆಯಿತು. 2016ರಲ್ಲಿ ಶುರುವಾದ 'ಕಾಮಿಡಿ ಕಿಲಾಡಿಗಳು' ಥರದ ಶೋಗಳಿಂದ ಹಳ್ಳಿ, ತಾಲ್ಲೂಕುಗಳ ಹವ್ಯಾಸಿ ನಾಟಕ ತಂಡಗಳ ಹುಡುಗ ಹುಡುಗಿಯರು ಮುಂದೆ ಬಂದರು. ಬೆಂಗಳೂರಿನಲ್ಲಿ ಪರಿಚಯದವರಿಲ್ಲದೆ ಸಿನಿಮಾ ಸೇರೋದು ಅದಕ್ಕೆ ಮುಂಚೆ ಅಷ್ಟು ಸುಲಭ ಇರಲಿಲ್ಲ.

ಈಗ ಫಾರ್ವರ್ಡ್ ವಿಷಯಕ್ಕೆ ಬರೋಣ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಯಿತು, ಜೋಕು ಬಿಟ್ಟಿಯಾಯಿತು. ಜೋಕು ಕೈಯಿಂದ ಕೈಗೆ ಹೋಗುವಾಗ ಏನಾಗುತ್ತೆ ಅಂತ ತೋರಿಸೋಕೆ ಒಂದನ್ನು ನಾನೇ ಹೊಸೆಯುತ್ತೇನೆ.

ತಿಪಟೂರಿನಲ್ಲಿ ಬಸ್ ಹತ್ತಿದ ಅಜ್ಜಿ ಹಾಸನಕ್ಕೆ ಟಿಕೆಟ್ ತಗೊಂಡು ಐನೂರರ ನೋಟು ಕೊಡುತ್ತಾರೆ. ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಬರೆದುಕೊಟ್ಟು, 'ಚಿಲ್ಲರೆ ಇಲ್ಲ ಅಜ್ಜಿ, ಇಳಿಯೋವಾಗ ಇಸ್ಕೊಳ್ಳಿ' ಅನ್ನುತ್ತಾನೆ. ಅಜ್ಜಿ ಟಿಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳುತ್ತಾರೆ: 'ಯಾರು ಇಳಿಯೋವಾಗ ಮಗ? ನಾನೋ, ನೀನೋ?'

ಈ ಜೋಕಿಗೆ ನಗಬೇಕಾದರೆ ಒಂದಷ್ಟು ಗೊತ್ತಿರಬೇಕು. ಟಿಕೆಟ್ ಹಿಂದೆ ಪೆನ್ನಲ್ಲಿ ಗೀಚುವುದು ಗೊತ್ತಿರಬೇಕು. ದಾರಿಯಲ್ಲಿ ಕಂಡಕ್ಟರ್ ಬದಲಾದರೆ ಬಾಕಿ ಕೇಳೋಕೆ ಪಡುವ ಪಾಡು ಗೊತ್ತಿರಬೇಕು. ಇಳಿಯುವ ಗಡಿಬಿಡಿಯಲ್ಲಿ ಮರೆತು, ಬಸ್ ಹೋದ ಮೇಲೆ ಹಣೆ ಚಚ್ಚಿಕೊಂಡಿರಬೇಕು. ಇದು ಗುಂಪಿನಿಂದ ಗುಂಪಿಗೆ ಹೋದಂತೆ ಮೊದಲು ಉದುರುವುದು ತಿಪಟೂರು, ಹಾಸನ. ಆಮೇಲೆ ಟಿಕೆಟ್ ಹಿಂದಿನ ಬರಹ. ಆಮೇಲೆ ಬಸ್ಸೇ. ಕೊನೆಗೆ ಉಳಿಯುವುದು ಹೀಗೆ. ಗಂಡ: 'ಸಂಬಳ ಬಂದ ಮೇಲೆ ಸೀರೆ ಕೊಡಿಸ್ತೀನಿ.' ಹೆಂಡತಿ: 'ಯಾರಿಗೆ ಬಂದ ಮೇಲೆ?' ಕೆಳಗೆ ಆರು ಅಳುವಷ್ಟು ನಗುವ ಇಮೋಜಿ. ಇಷ್ಟಕ್ಕೆ ಬಂದ ಮೇಲೆ ಅದು ಎಲ್ಲಿಗೆ ಬೇಕಾದರೂ ಹೋಗುತ್ತೆ, ಹಿಂದಿಗೂ ತೆಲುಗಿಗೂ. ಯಾರ ಊರೂ ಅದರಲ್ಲಿಲ್ಲ, ಹಾಗಾಗಿ ಎಲ್ಲರದೂ ಆಯಿತು.

ಊರಿಗೆ ಅಂಟಿದ ಜೋಕಿಗೆ ಇನ್ನೊಂದು ಕಷ್ಟ ಇದೆ. ಅದು ಬೇಗ ಹಳತಾಗುತ್ತೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ನನ್ನ ಅಜ್ಜಿಗೆ ಈಗ ಸಾಮಾನ್ಯ ಬಸ್ಸಿನಲ್ಲಿ ಶೂನ್ಯ ಟಿಕೆಟ್. ಉಳಿದವರಿಗೆ ಕ್ಯೂಆರ್ ಕೋಡ್. ಚಿಲ್ಲರೆಯ ಜೋಕು ಹೋಗಿ ಆಧಾರ್ ಕಾರ್ಡಿನ ಜೋಕು ಬಂದಿದೆ. ಸಂಬಳ-ಸೀರೆ ಜೋಕಿಗೆ ಈ ಭಯವೇ ಇಲ್ಲ. ಇನ್ನು 50 ವರ್ಷ ಬೇಕಾದರೂ ಓಡುತ್ತೆ.

ಜೋಕಿನಿಂದ ಉದುರುವ ಇನ್ನೊಂದು ವಸ್ತು ಬರೆದವರ ಹೆಸರು. ಕೆಲವು ಸಲ ಹೆಸರು ಉದುರುವುದಿಲ್ಲ, ಅಂಟುತ್ತದೆ. ಯಾರೋ ಮೊನ್ನೆ ಬರೆದ ಎರಡು ಸಾಲಿನ ಕೆಳಗೆ 'ಬೀಚಿ' ಅಂತ ಹಾಕಿ ಬಿಟ್ಟರೆ ಅದಕ್ಕೊಂದು ಗೌರವ. ಬೀಚಿ ತೀರಿಕೊಂಡದ್ದು 1980ರಲ್ಲಿ. ಅವರ ಹೆಸರಲ್ಲಿ ಮೊಬೈಲ್ ರೀಚಾರ್ಜ್ ಜೋಕು ಓಡಾಡುವುದನ್ನು ನೋಡಿದರೆ ಅವರೇ ಜಾಸ್ತಿ ನಗುತ್ತಿದ್ದರೇನೋ. ಕಾನೂನಿನಲ್ಲಿ ಇದಕ್ಕೆ ಮದ್ದು ಕಮ್ಮಿ. 1957ರ ಕೃತಿಸ್ವಾಮ್ಯ ಕಾಯ್ದೆ ಬರೆದ ಸಾಲುಗಳನ್ನು ಕಾಯುತ್ತದೆ, ಸಾಲಿನ ಹಿಂದಿನ ಉಪಾಯವನ್ನು ಕಾಯುವುದಿಲ್ಲ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕಿರುತ್ತದೆ. ಆದರೆ ಬಸ್ಸಿನ ಜೋಕನ್ನು ಸೀರೆ ಜೋಕು ಮಾಡಿದವನನ್ನು ಯಾವ ಕೋರ್ಟಿಗೆ ಎಳೆಯುತ್ತೀರಿ?

ವಾಟ್ಸಾಪ್ 2018ರ ಜುಲೈನಲ್ಲಿ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು ಅಂತ ಮಿತಿ ಹಾಕಿತು. ಜೋಕು ಕಮ್ಮಿ ಮಾಡೋಕಲ್ಲ. ಮಕ್ಕಳ ಕಳ್ಳರು ಅನ್ನುವ ವದಂತಿಗೆ ನಮ್ಮ ಬೀದರ್ ಜಿಲ್ಲೆಯೂ ಸೇರಿ ಹಲವು ಕಡೆ ಜನ ಸತ್ತಿದ್ದರು. 2020ರ ಏಪ್ರಿಲ್‌ನಲ್ಲಿ, ಬಹಳ ಸಲ ಫಾರ್ವರ್ಡ್ ಆದದ್ದನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸುವ ಹಾಗೆ ಮಾಡಿತು. ವದಂತಿಯೂ ಜೋಕೂ ಒಂದೇ ದಾರಿಯಲ್ಲಿ ಓಡುತ್ತವೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಎರಡಕ್ಕೂ ಹೇಳಿದವರ ಹೆಸರು ಬೇಕಿಲ್ಲ.

ಈಗ ಸಂಖ್ಯೆಗೇ ವಾಪಸ್ ಬರೋಣ. ಜಾಸ್ತಿ ವ್ಯೂಸ್ ಬಂದಿದ್ದರೆ ಒಳ್ಳೆಯದೇ ಇರಬೇಕು ಅಲ್ವಾ? ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಸಾಲ್ಗಾನಿಕ್, ಡಾಡ್ಸ್, ವಾಟ್ಸ್ ಎಂಬ ಮೂವರು 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದದ್ದು ಇದು. ಯಾರಿಗೂ ಗೊತ್ತಿಲ್ಲದ ತಂಡಗಳ 48 ಹಾಡು ಇಟ್ಟರು. 14 ಸಾವಿರಕ್ಕೂ ಹೆಚ್ಚು ಜನರನ್ನು ಬೇರೆ ಬೇರೆ ಗುಂಪು ಮಾಡಿದರು. ಒಂದು ಗುಂಪಿಗೆ ಹಾಡು ಮಾತ್ರ ಕಾಣುತ್ತಿತ್ತು. ಉಳಿದ ಎಂಟು ಗುಂಪುಗಳಿಗೆ ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಡೌನ್‌ಲೋಡ್ ಮಾಡಿದ್ದಾರೆ ಅನ್ನುವುದೂ ಕಾಣುತ್ತಿತ್ತು. ಸಂಖ್ಯೆ ಕಂಡ ಗುಂಪುಗಳಲ್ಲಿ ಗೆದ್ದದ್ದು ಭಾರಿಯಾಗಿ ಗೆದ್ದಿತು, ಸೋತದ್ದು ಪೂರ್ತಿ ಸೋತಿತು. ಆದರೆ ಯಾವುದು ಗೆದ್ದಿತು ಅನ್ನೋದು ಗುಂಪಿನಿಂದ ಗುಂಪಿಗೆ ಬೇರೆ. ತೀರಾ ಒಳ್ಳೆಯ ಹಾಡು ಸೋತದ್ದು ಅಪರೂಪ, ತೀರಾ ಕೆಟ್ಟದ್ದು ಗೆದ್ದದ್ದೂ ಅಪರೂಪ. ನಡುವಿನದಕ್ಕೆ ಏನು ಬೇಕಾದರೂ ಆಗಬಹುದಿತ್ತು.

ನಮ್ಮ ರೀಲ್ಸ್ ಹಾಸ್ಯದ ಬಹುಪಾಲು ಈ 'ನಡುವಿನದು'. ಮೊದಲ ಒಂದೆರಡು ಗಂಟೆಯಲ್ಲಿ ಯಾರ ಕಣ್ಣಿಗೆ ಬಿತ್ತು ಅನ್ನುವುದರ ಮೇಲೆ ಅದರ ಹಣೆಬರಹ. ಗೆದ್ದವರು ತಮ್ಮ ಗೆಲುವಿಗೆ ಕಾರಣ ಹುಡುಕಿ ಅದನ್ನೇ ಮತ್ತೆ ಮಾಡುತ್ತಾರೆ. ಅತ್ತೆ ವೇಷ ಓಡಿತಾ, ಇನ್ನು ವರ್ಷಪೂರ್ತಿ ಅತ್ತೆ. ಪಾಪ, ಅವರಿಗೂ ಬೇಸರ ಬಂದಿರುತ್ತೆ. ಆದರೆ ಬೇರೆ ಮಾಡಿದರೆ ಮೀಟರ್ ಇಳಿಯುತ್ತೆ.

ದುಡ್ಡಿನ ಲೆಕ್ಕವೂ ಇದನ್ನೇ ಹೇಳುತ್ತೆ. ಶಾರ್ಟ್ಸ್ ಮಾಡಿ ಜಾಹೀರಾತಿನ ಪಾಲು ಬೇಕೆಂದರೆ 1000 ಸಬ್‌ಸ್ಕ್ರೈಬರ್ ಜೊತೆಗೆ 90 ದಿನದಲ್ಲಿ 1 ಕೋಟಿ ವ್ಯೂಸ್ ಬೇಕು. 2011ರ ಜನಗಣತಿ ಪ್ರಕಾರ ಕನ್ನಡ ತಾಯ್ನುಡಿಯವರು ಸುಮಾರು 4.37 ಕೋಟಿ. ಹಿಂದಿಯವರಿಗೆ ಈ ಒಂದು ಕೋಟಿ ಏನೂ ಅಲ್ಲ. ಕನ್ನಡದಲ್ಲಿ ಹೊಸದಾಗಿ ಶುರು ಮಾಡಿದವರಿಗೆ ಅದು ಬೆಟ್ಟ. ಸುಲಭದ ದಾರಿ ಏನು? ಮಾತು ಕಮ್ಮಿ ಮಾಡುವುದು. ಎಲ್ಲೋ ಹಿಟ್ ಆದ ಹಿಂದಿ ಡೈಲಾಗಿಗೆ ತುಟಿ ಆಡಿಸಿ, ಬಾಳೆಹಣ್ಣಿನ ಸಿಪ್ಪೆ ಮೇಲೆ ಜಾರಿ ಬೀಳುವುದು. ಬೀಳುವುದಕ್ಕೆ ಭಾಷೆ ಬೇಡ. ಕನ್ನಡದ ಹಾಸ್ಯಗಾರ ಕನ್ನಡವನ್ನೇ ಬಿಟ್ಟರೆ ಲಾಭ ಅನ್ನುವಂಥ ಮೀಟರ್ ಇದು. ನನಗೆ ನಿಜಕ್ಕೂ ಸಿಟ್ಟು ಬರುವುದು ಇಲ್ಲಿ.

ಇದಕ್ಕೆ ಎದುರು ಸಾಕ್ಷಿಯೂ ಇದೆ, ಮುಚ್ಚಿಡುವುದು ಸರಿಯಲ್ಲ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ಬಂದ್ ಆಗಿ ಜುಲೈನಲ್ಲಿ ರೀಲ್ಸ್ ಬಂತು. ಆಮೇಲೆ ಉತ್ತರ ಕರ್ನಾಟಕದ, ಕರಾವಳಿಯ, ಮಂಡ್ಯ ಕಡೆಯ ಮಾತಿನಲ್ಲೇ ಹಾಸ್ಯ ಮಾಡುವವರು ಬಹಳ ಜನ ಬಂದರು. ಹಿಂದೆ ಸಿನಿಮಾದಲ್ಲಿ ಹುಬ್ಬಳ್ಳಿ ಮಾತು ಬಂದರೆ ಪಾತ್ರವೇ ನಗೆಪಾಟಲು. ಬೆಂಗಳೂರಿನವನು ನಗಲಿ ಅಂತಲೇ ಆ ಮಾತು. ಈಗ ಬಾಗಲಕೋಟೆಯ ಹೊಲದ ಬದುವಿನಲ್ಲಿ ನಿಂತು ಇಬ್ಬರು ಜಗಳ ಆಡುವ ವಿಡಿಯೊ ಅಲ್ಲಿಯವರಿಗಾಗಿಯೇ ಮಾಡಿದ್ದು. ಬೆಂಗಳೂರಿನವನಿಗೆ ಅರ್ಥವಾಗದಿದ್ದರೆ ಬಿಡಲಿ. ಚಂದಾ, ಟಿಆರ್‌ಪಿ ಎರಡೂ ಮಾಡದ ಕೆಲಸ ಇದು.

ಹಾಸ್ಯಕ್ಕೆ ಗುರಿ ಯಾರು ಅನ್ನುವುದನ್ನೂ ಮೀಟರ್ ತೀರ್ಮಾನ ಮಾಡುತ್ತಿದೆ. ಮಾಸ್ಟರ್ ಹಿರಣ್ಣಯ್ಯ ನಾಟಕದ ನಡುವೆಯೇ ಅಂದಂದಿನ ರಾಜಕೀಯವನ್ನು ಎಳೆದು ತಂದು ಮಂತ್ರಿಗಳನ್ನು ಜಾಡಿಸುತ್ತಿದ್ದರು. ಆ ಮಾತು ಥಿಯೇಟರಿನ ಗೋಡೆ ದಾಟುತ್ತಿದ್ದದ್ದು ಜನರ ಬಾಯಲ್ಲಿ. ಈಗ 40 ಸೆಕೆಂಡಿನ ತುಣುಕು ದಾಟುತ್ತದೆ, ಹಿಂದೆ ಮುಂದೆ ಇಲ್ಲದೆ, ಟಿಕೆಟ್ ತಗೊಳ್ಳದವರ ಕೈಗೆ. ಸ್ಟ್ಯಾಂಡಪ್ ಹಾಸ್ಯಗಾರ ಮುನವ್ವರ್ ಫಾರೂಕಿಯನ್ನು, ದೇವರ ಮೇಲೆ, ಕೇಂದ್ರ ಮಂತ್ರಿಯ ಮೇಲೆ ಜೋಕು ಮಾಡಿದ ಅನ್ನುವ ದೂರಿಗೆ, 2021ರ ಜನವರಿ 1ಕ್ಕೆ ಇಂದೋರಿನಲ್ಲಿ ಬಂಧಿಸಿದರು. ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರಿನ ಶೋಗೂ ಪೊಲೀಸರು ಅನುಮತಿ ಕೊಡಲಿಲ್ಲ. ಇದನ್ನು ನೋಡಿದ ಬೇರೆಯವರು ಏನು ಕಲಿಯುತ್ತಾರೆ? ಮಂತ್ರಿಯ ತಂಟೆ ಬೇಡ, ಹೆಂಡತಿಯೇ ವಾಸಿ. ತಿರುಗಿ ಹೊಡೆಯದವರನ್ನು ಹುಡುಕುತ್ತಾರೆ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸಮಯ್ ರೈನಾ ಸೇರಿ ಕೆಲವು ಹಾಸ್ಯಗಾರರಿಗೆ, ಅಂಗವಿಕಲರ ಬಗ್ಗೆ ಆಡಿದ ಮಾತಿಗೆ ಕ್ಷಮೆ ಕೇಳಿ ಅಂತ ಹೇಳಿತು. ಮಾತಿನಿಂದ ದುಡ್ಡು ಮಾಡುತ್ತಿರುವುದನ್ನೂ ಕೋರ್ಟು ಎತ್ತಿ ಆಡಿತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗನ್ನಿಸುವುದು ಇದು: ಬಲ ಇರುವವರ ಮೇಲಿನ ಜೋಕಿಗೆ ಕೇಸು ಬೀಳುವ ಕಡೆ, ಬಲ ಇಲ್ಲದವರ ಮೇಲಿನ ಜೋಕು ತಾನಾಗಿಯೇ ಜಾಸ್ತಿಯಾಗುತ್ತೆ.

ಬೆಂಗಳೂರಿನಲ್ಲಿ ಕನ್ನಡ ಸ್ಟ್ಯಾಂಡಪ್ ಮಾಡುವವರು ಈ ವ್ಯೂಸ್ ಮೀಟರಿಗೊಂದು ಉಪಾಯ ಕಂಡುಕೊಂಡಿದ್ದಾರೆ. ನೆಟ್ಟಿಗೆ ಹಾಕುವುದು ಬೇರೆ, ವೇದಿಕೆಗೆ ಇಟ್ಟುಕೊಳ್ಳುವುದು ಬೇರೆ. ಎದುರು ಕೂತವರನ್ನು ಮಾತಾಡಿಸಿ ಅಲ್ಲೇ ಹುಟ್ಟಿದ ತಮಾಷೆಯನ್ನು ಕತ್ತರಿಸಿ ರೀಲ್ಸಿಗೆ ಬಿಡುತ್ತಾರೆ. ಅದು ಖರ್ಚಾದರೂ ನಷ್ಟವಿಲ್ಲ, ನಾಳೆ ಬೇರೆ ಜನ, ಬೇರೆ ತಮಾಷೆ. ತಿಂಗಳುಗಟ್ಟಲೆ ತಿದ್ದಿದ ಜೋಕು ಒಮ್ಮೆ ಹೊರಗೆ ಹೋದರೆ ಮುಗಿಯಿತು, ಮುಂದಿನ ಶೋದಲ್ಲಿ ಜನ ಪಂಚ್ ಬರುವ ಮುಂಚೆಯೇ ಬಾಯಿ ಆಡಿಸುತ್ತಾರೆ. ಅದಕ್ಕೇ ಅದನ್ನು ಹೊರಗೆ ಬಿಡುವುದಿಲ್ಲ, ಕೆಲವು ಕಡೆ ಬಾಗಿಲಲ್ಲೇ ನಮ್ಮ ಫೋನ್ ಒಳಗಿಡಿಸುತ್ತಾರೆ. ಹೀಗಾಗಿ ಒಬ್ಬ ಹಾಸ್ಯಗಾರನ ಅತಿ ಹೆಚ್ಚು ವ್ಯೂಸ್ ಬಂದ ವಿಡಿಯೊ ಅವನ ಎರಡನೆಯ ದರ್ಜೆಯ ಸರಕು. ಮೊದಲನೆಯ ದರ್ಜೆಯದು ಬೇಕಿದ್ದರೆ ಶನಿವಾರ ಸಂಜೆ ಟ್ರಾಫಿಕ್ಕಿನಲ್ಲಿ ಹೋಗಿ, ಟಿಕೆಟ್ ತಗೊಂಡು, ಗೊತ್ತಿಲ್ಲದವರ ಪಕ್ಕ ಕೂರಬೇಕು.